ಬೀಳಿನಲ್ಲಿ ಹುಲ್ಲಿಗೂ ಹುಲ್ಲಿಗೂ ಪೈಪೋಟಿ

ಮುಂಗಾರಿನ ಎರಡು ಹದ ಮಳೆ ಬಿದ್ದು ಹದಿನೈದು ದಿನ ಕಳೆದರೆ ಊರ ಬೀಳೆಲ್ಲ ಹಸಿರಾಗಿ ಕಾಣುತ್ತದೆ. ಹಿಂದೂಪುರ, ಮಡಕಶಿರ, ರೊಳ್ಳ, ಅಗಳಿ, ಅಮರಾಪುರಗಳ ಕಡೆಯಾಗಲಿ, ಕಲ್ಯಾಣದುರ್ಗ, ಕುಂದುರ್ಪಿಗಳ ಕಲ್ಲುಗುಡ್ಡಗಳ ತಪ್ಪಲಾಗಲಿ, ಈ ನೋಟ ಒಂದೇ. ಆದರೆ ದನ ಕುರಿಗಳನ್ನು ಅಟ್ಟಿಕೊಂಡು ಹೋದವರು ಬೇರೆ ಮಾತು ಹೇಳುತ್ತಾರೆ. ಹಸಿರಿದೆ, ಮೇವಿಲ್ಲ. ಸಂಜೆ ಹಟ್ಟಿಗೆ ಮರಳುವ ದನದ ಹೊಟ್ಟೆ ತುಂಬಿರುವುದಿಲ್ಲ. ಹಿಂದೆ ಬೇಸಿಗೆಯ ನಡುವಿನ ತನಕ ಬೀಳೇ ದನವನ್ನು ಸಾಕುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಈಗ ಸಂಕ್ರಾಂತಿ ಕಳೆಯುವುದರೊಳಗೆ ಕಡಲೇಬಳ್ಳಿಯ ಬಣವೆಗೆ ಕೈ ಹಾಕಬೇಕು. ಬಣವೆ ಕರಗಿದರೆ ಮುಂದಿನದು ಸಂತೆಯ ದಾರಿ. ಎತ್ತು ಮಾರಿದವನು ಮುಂದಿನ ಮುಂಗಾರಿಗೆ ಬಾಡಿಗೆಯ ಉಳುಮೆಗಾಗಿ ಕಾಯಬೇಕು.

ಬೀಳಿನ ಹಸಿರು ಮೇವಾಗದಿರಲು ಮಳೆಯ ಅಭಾವವೊಂದೇ ಕಾರಣವಲ್ಲ. ಮಳೆ ಚೆನ್ನಾಗಿ ಬಂದ ವರ್ಷಗಳಲ್ಲಿಯೂ ಈ ದೂರು ತಪ್ಪಿಲ್ಲ. ಹುಲ್ಲುಗಾವಲಿನಲ್ಲಿ ಗಿಡಕ್ಕೂ ಗಿಡಕ್ಕೂ ನಡೆಯುವ ಪೈಪೋಟಿಯಲ್ಲಿ ಒಳ್ಳೆಯ ಹುಲ್ಲು ಸೋತು ಕೆಲಸಕ್ಕೆ ಬಾರದ ಗಿಡ ಗೆದ್ದಿರುವುದೇ ಮುಖ್ಯ ಕಾರಣ. ಈ ಪೈಪೋಟಿ ಹೇಗೆ ನಡೆಯುತ್ತದೆ, ಅದರಲ್ಲಿ ನಮ್ಮ ಕೈವಾಡವೆಷ್ಟು, ಸೋತ ಹುಲ್ಲನ್ನು ಮತ್ತೆ ಗೆಲ್ಲಿಸಲು ಸಾಧ್ಯವೇ ಎಂಬುದನ್ನು ಇಲ್ಲಿ ವಿಚಾರಿಸೋಣ.

ಪೈಪೋಟಿ ಯಾವುದಕ್ಕಾಗಿ?

ದನಕ್ಕೆ ಒಂದು ಕಡೆ ಮೇವು ಸಿಕ್ಕದಿದ್ದರೆ ಇನ್ನೊಂದು ಕಡೆಗೆ ನಡೆಯುತ್ತದೆ. ಗಿಡಕ್ಕೆ ಕಾಲಿಲ್ಲ. ಬೀಜ ಬಿದ್ದ ಜಾಗದಲ್ಲಿಯೇ ಅದರ ಹುಟ್ಟು, ಬಾಳು, ಸಾವು. ಆದುದರಿಂದ ಪಕ್ಕದಲ್ಲಿ ನಿಂತಿರುವ ಗಿಡವೇ ಅದರ ದಾಯಾದಿ. ನಾಲ್ಕು ವಸ್ತುಗಳಿಗಾಗಿ ಈ ದಾಯಾದಿ ಕಲಹ ನಡೆಯುತ್ತದೆ: ನೀರು, ಮಣ್ಣಿನ ಸತ್ವ, ಬಿಸಿಲ ಬೆಳಕು ಮತ್ತು ಮೊಳಕೆ ಊರಲು ಬೇಕಾದ ತೆರವು. ಗಾಳಿಯೊಂದು ಮಾತ್ರ ಎಲ್ಲಕ್ಕೂ ಬೇಕಾದಷ್ಟು ಸಿಕ್ಕುತ್ತದೆ.

ಈ ನಾಲ್ಕರಲ್ಲಿ ಯಾವುದು ಕಡಿಮೆಯೋ ಅದಕ್ಕಾಗಿ ಕಲಹ ಹೆಚ್ಚು. ಮಲೆನಾಡಿನಂತಹ ಮಳೆಯ ಸೀಮೆಯಲ್ಲಿ ಗಿಡಗಳು ಬೆಳಕಿಗಾಗಿ ಮೇಲೆ ಮೇಲೆ ಬೆಳೆದು ಒಂದನ್ನೊಂದು ಮುಚ್ಚುತ್ತವೆ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 550 ಮಿಲಿಮೀಟರ್. ಅದೂ ಹದವಾಗಿ ಬರುವುದಿಲ್ಲ. ಒಂದು ದಿನ ಸುರಿದು ಇಪ್ಪತ್ತು ದಿನ ಮುಖ ತೋರದೆ ಹೋಗುವುದುಂಟು. ಬೀಳುಗಳ ಮಣ್ಣು ಬಹುಪಾಲು ಕೆಂಪು, ಮರಳು ಮತ್ತು ಗರಸು ಬೆರೆತದ್ದು, ಆಳವಿಲ್ಲದ್ದು. ಬಿಸಿಲಿಗೆ ನಮ್ಮಲ್ಲಿ ಕೊರತೆಯೇ ಇಲ್ಲ. ಆದುದರಿಂದ ನಮ್ಮ ಬೀಳಿನ ಕಲಹದ ಬಹುಪಾಲು ಕಣ್ಣಿಗೆ ಕಾಣದೆ ನೆಲದ ಕೆಳಗೆ, ಬೇರುಗಳ ನಡುವೆ ನಡೆಯುತ್ತದೆ.

ನೆಲದ ಕೆಳಗಿನ ಕಲಹ

ಮಳೆ ಬಂದ ಮೇಲೆ ಬೀಳಿನಲ್ಲಿ ಮೂರು ಬಗೆಯ ಗಿಡಗಳನ್ನು ಬುಡಸಹಿತ ಅಗೆದು, ಬೇರಿಗೆ ಅಂಟಿದ ಮಣ್ಣನ್ನು ನೀರಿನಲ್ಲಿ ತೊಳೆದು, ಸಾಲಾಗಿ ಇಟ್ಟು ನೋಡಿರಿ. ಶಾಲೆಯ ಮಕ್ಕಳೂ ಮಾಡಬಹುದಾದ ಕೆಲಸವಿದು. ಪುಸ್ತಕದ ಹತ್ತು ಪುಟ ಕಲಿಸುವುದನ್ನು ಇದು ಅರ್ಧ ಗಂಟೆಯಲ್ಲಿ ಕಲಿಸುತ್ತದೆ.

ಮೊದಲನೆಯದು ಒಂದೇ ಮಳೆಗಾಲ ಬಾಳುವ ಸಣ್ಣ ಹುಲ್ಲು. ಇದರ ಬೇರು ಗೇಣುದ್ದವೂ ಇಳಿದಿರುವುದಿಲ್ಲ. ಮಳೆ ಬಿದ್ದೊಡನೆ ಮೊಳೆತು, ಮೇಲ್ಮಣ್ಣಿನ ತೇವವನ್ನು ಬೇಗ ಬೇಗ ಕುಡಿದು, ಕೆಲವೇ ವಾರಗಳಲ್ಲಿ ಬೀಜ ಉದುರಿಸಿ ಒಣಗಿ ಹೋಗುತ್ತದೆ. ಎರಡನೆಯದು ವರ್ಷದಿಂದ ವರ್ಷಕ್ಕೆ ಉಳಿಯುವ ಗುಪ್ಪೆ ಹುಲ್ಲು. ಇದರ ಬೇರು ಜಡೆಯಂತೆ ದಟ್ಟವಾಗಿ, ಮಣ್ಣಿನ ಆಳವಿದ್ದಷ್ಟೂ ಇಳಿದಿರುತ್ತದೆ. ಬೇಸಿಗೆಯಲ್ಲಿ ಮೇಲಿನ ಎಲೆ ಒಣಗಿದರೂ ಬುಡ ಜೀವ ಹಿಡಿದುಕೊಂಡಿದ್ದು ಮೊದಲ ಮಳೆಗೇ ಚಿಗುರುತ್ತದೆ. ಮೂರನೆಯದು ತಂಗಡಿಯಂತಹ ಪೊದೆ ಗಿಡ. ಇದರ ತಾಯಿಬೇರು ಗೂಟದಂತೆ ನೇರ ಕೆಳಗೆ ಹೋಗಿ, ಹುಲ್ಲಿಗೆ ಎಟುಕದ ಆಳದ ತೇವವನ್ನು ಹಿಡಿಯುತ್ತದೆ.

ಹೀಗೆ ಮೂರೂ ಬೇರೆ ಬೇರೆ ಆಳದಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ನೀರು ಕುಡಿಯುವುದರಿಂದಲೇ ಒಂದೇ ಬೀಳಿನಲ್ಲಿ ಕೂಡಿ ಬಾಳಲು ಸಾಧ್ಯವಾಗುತ್ತದೆ. ನಮ್ಮ ಹಿರಿಯರು ರಾಗಿಯ ಹೊಲದಲ್ಲಿ ಅವರೆ ತೊಗರಿಗಳ ಅಕ್ಕಡಿ ಸಾಲು ಹಾಕಿದ್ದರ ಗುಟ್ಟೂ ಇದೇ. ರಾಗಿಯ ಬೇರು ಮೇಲೆ, ತೊಗರಿಯ ಬೇರು ಕೆಳಗೆ. ರಾಗಿ ಕೊಯ್ಲಾದ ಮೇಲೆಯೂ ತೊಗರಿ ನಿಂತು ಹಿಂಗಾರಿನ ತೇವವನ್ನು ಉಪಯೋಗಿಸಿಕೊಳ್ಳುತ್ತದೆ. ಒಂದೇ ಆಳದಲ್ಲಿ ಒಂದೇ ಹೊತ್ತಿನಲ್ಲಿ ಕುಡಿಯುವ ಎರಡು ಗಿಡ ಎದುರಾದಾಗ ಮಾತ್ರ ಕಲಹ ತೀವ್ರವಾಗುತ್ತದೆ.

ಆಗ ಗೆಲ್ಲುವುದು ಯಾವುದು? ಬೇಗ ಕುಡಿಯುವುದೇ ಗೆಲ್ಲುವುದೆಂದು ತೋರಬಹುದು. ಅಮೆರಿಕದ ಮಿನ್ನೆಸೋಟ ರಾಜ್ಯದ ಹುಲ್ಲುಗಾವಲುಗಳಲ್ಲಿ ದಶಕಗಳ ಕಾಲ ಪರೀಕ್ಷೆ ನಡೆಸಿದ ಡೇವಿಡ್ ಟಿಲ್ಮನ್ ಎಂಬ ವಿಜ್ಞಾನಿ ಬೇರೊಂದು ನಿಯಮವನ್ನು ತೋರಿಸಿಕೊಟ್ಟರು. ಮಣ್ಣಿನ ಸತ್ವವನ್ನು ತೀರ ಕೆಳಮಟ್ಟಕ್ಕೆ ಇಳಿಸಿ, ಆ ಕೆಳಮಟ್ಟದಲ್ಲಿಯೂ ತಾನು ಬದುಕಬಲ್ಲ ಗಿಡವೇ ಕೊನೆಗೆ ಉಳಿಯುತ್ತದೆ ಎಂಬುದು ಆ ನಿಯಮ. ಸೇದುವ ಬಾವಿಯ ಉದಾಹರಣೆಯಿಂದ ಇದು ತಿಳಿಯುತ್ತದೆ. ನೀರು ಮೇಲಿರುವಾಗ ಎಲ್ಲರ ಕೊಡವೂ ತುಂಬುತ್ತದೆ. ನೀರು ಇಳಿದಾಗ ಹಗ್ಗ ಉದ್ದವಿದ್ದವರ ಕೊಡ ಮಾತ್ರ ತುಂಬುತ್ತದೆ. ಗುಪ್ಪೆ ಹುಲ್ಲಿನ ಹಗ್ಗ ಉದ್ದ. ಆದುದರಿಂದ ಯಾರ ಕಾಟವೂ ಇಲ್ಲದ ಕಡೆ ವರ್ಷಗಳು ಕಳೆದಂತೆ ಒಂದು ಮಳೆಯ ಹುಲ್ಲು ಹಿಂದಾಗಿ ಗುಪ್ಪೆ ಹುಲ್ಲು ಮುಂದಾಗುತ್ತದೆ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಒಳ್ಳೆಯ ಗುಪ್ಪೆ ಹುಲ್ಲಿರುವ ಬೀಳಿನಲ್ಲಿ ಗುಪ್ಪೆಗೂ ಗುಪ್ಪೆಗೂ ನಡುವೆ ಬರಿಯ ನೆಲ ಕಾಣುತ್ತದೆ. ಅದು ಖಾಲಿ ಜಾಗವೆಂದು ತಿಳಿಯಬಾರದು. ಆ ನೆಲದ ಕೆಳಗೆ ಎರಡೂ ಕಡೆಯ ಬೇರುಗಳು ಹರಡಿಕೊಂಡಿರುತ್ತವೆ. ಅಲ್ಲಿ ಹೊಸ ಬೀಜ ಮೊಳೆತರೆ ನೀರು ಸಾಲದೆ ಸಾಯುತ್ತದೆ. ಕಳೆಗಳನ್ನು ತಡೆಯುವ ಕಾವಲುಗಾರ ಈ ಬೇರಿನ ಜಾಲವೇ. ಗುಪ್ಪೆ ಸತ್ತಾಗ ಮಾತ್ರ ಆ ಜಾಗ ನಿಜವಾಗಿ ಖಾಲಿಯಾಗುತ್ತದೆ, ಆಗ ಯಾರು ಮೊದಲು ಬಂದರೆ ಅವರದು.

ಬೆಳಕಿನ ಕಲಹ

ಬೀಳಿಗೆ ಯೂರಿಯ ಚೆಲ್ಲಿದರೆ ಹುಲ್ಲು ಹೆಚ್ಚುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಎಂಬಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬಿಬ್ಬರು 1856ರಲ್ಲಿ ಒಂದು ಹುಲ್ಲುಗಾವಲನ್ನು ಪಟ್ಟಿಗಳಾಗಿ ವಿಂಗಡಿಸಿ, ಕೆಲವಕ್ಕೆ ಬೇರೆ ಬೇರೆ ಗೊಬ್ಬರಗಳನ್ನು ಹಾಕುತ್ತ, ಕೆಲವಕ್ಕೆ ಏನೂ ಹಾಕದೆ ನೋಡತೊಡಗಿದರು. ಆ ಪರೀಕ್ಷೆ ಅಂದಿನಿಂದ ಇಂದಿನವರೆಗೂ ನಡೆದು ಬಂದಿದೆ. ಗೊಬ್ಬರ ಕಾಣದ ಪಟ್ಟಿಗಳಲ್ಲಿ ಇಳುವರಿ ಕಡಿಮೆ, ಆದರೆ ಮೂವತ್ತು ನಲವತ್ತು ಜಾತಿಯ ಗಿಡಗಳು ಕೂಡಿ ಬಾಳುತ್ತಿವೆ. ಅಮೋನಿಯಂ ಸಲ್ಫೇಟ್ ಹೆಚ್ಚಾಗಿ ಬಿದ್ದ ಪಟ್ಟಿಗಳಲ್ಲಿ ಮಣ್ಣು ಹುಳಿಯಾಗಿ ಎರಡು ಮೂರು ಜಾತಿಯ ಹುಲ್ಲು ಮಾತ್ರ ಉಳಿದುವು.

ಗೊಬ್ಬರ ಹಾಕಿದರೆ ಜಾತಿಗಳು ಸಾಯುವುದೇಕೆ? ಮಣ್ಣಿನಲ್ಲಿ ಸತ್ವ ಹೆಚ್ಚಾದಾಗ ಬೇರಿನ ಕಲಹ ತಗ್ಗಿ ಬೆಳಕಿನ ಕಲಹ ಏಳುತ್ತದೆ. ಎತ್ತರವಾಗಿ ಬೆಳೆಯಬಲ್ಲದ್ದು ಗಿಡ್ಡವಾದುದಕ್ಕೆ ನೆರಳಾಗುತ್ತದೆ. 2009ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನು ಸೊಗಸಾಗಿ ಪರೀಕ್ಷಿಸಿದರು. ಗೊಬ್ಬರ ಹಾಕಿದ ಹುಲ್ಲಿನ ಬುಡದಲ್ಲಿ ವಿದ್ಯುದ್ದೀಪ ಇಟ್ಟು ಗಿಡ್ಡ ಗಿಡಗಳಿಗೂ ಬೆಳಕು ಕೊಟ್ಟಾಗ, ಸಾಯಬೇಕಾಗಿದ್ದ ಜಾತಿಗಳು ಉಳಿದುಕೊಂಡುವು.

ನಮ್ಮ ಕಡೆ ಇದಕ್ಕೆ ಸಾಕ್ಷಿ ಬೇಕಾದರೆ ಹಳೆಯ ಕುರಿ ರೊಪ್ಪದ ಜಾಗವನ್ನು ನೋಡಬಹುದು. ಹಿಕ್ಕೆ ಗಂಜಳ ಬಿದ್ದು ಸತ್ವ ತುಂಬಿದ ಆ ನೆಲದಲ್ಲಿ ಹುಲ್ಲು ಬರುವುದಿಲ್ಲ. ಉತ್ತರಾಣಿ, ದತ್ತೂರಿಗಳು ಆಳೆತ್ತರ ನಿಲ್ಲುತ್ತವೆ. ಆದುದರಿಂದ ಊರ ಬೀಳಿಗೆ ಯೂರಿಯ ಚೆಲ್ಲುವುದು ಹಣ ಕೊಟ್ಟು ಕಳೆ ಬೆಳೆಸಿದಂತೆಯೇ ಸರಿ. ಆ ಗೊಬ್ಬರ ರಾಗಿಗೋ ಹಿಪ್ಪುನೇರಳೆಗೋ ಇರಲಿ.

ದನದ ಬಾಯಿ ಕೊಡುವ ತೀರ್ಪು

ಈ ಕಲಹದಲ್ಲಿ ದನ ಕುರಿಗಳ ಬಾಯಿ ಪಂಚಾಯ್ತಿದಾರನಂತೆ ನಡುವೆ ಬರುತ್ತದೆ. ಹದವಾಗಿ ಮೇಯ್ದರೆ ಅದರಿಂದ ಉಪಕಾರವೇ ಆಗುತ್ತದೆ. ಚಾರಲ್ಸ್ ಡಾರ್ವಿನ್ 1859ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಒಂದು ಸಣ್ಣ ಪರೀಕ್ಷೆಯನ್ನು ಹೇಳಿದ್ದಾರೆ. ಮೂರಡಿ ಉದ್ದ ನಾಲ್ಕಡಿ ಅಗಲದ ಹುಲ್ಲಿನ ತುಂಡಿನಲ್ಲಿ 20 ಜಾತಿಯ ಗಿಡಗಳಿದ್ದುವು. ಕತ್ತರಿಸುವುದನ್ನು ನಿಲ್ಲಿಸಿ ಬೆಳೆಯಲು ಬಿಟ್ಟಾಗ ಬಲವಾದುವು ಎದ್ದು ನಿಂತು 9 ಜಾತಿಗಳು ನಾಶವಾದುವು. ಕತ್ತರಿ ಅಥವಾ ದನದ ಬಾಯಿ ಬಲಿಷ್ಠರ ತಲೆ ತಗ್ಗಿಸಿ ದುರ್ಬಲರಿಗೆ ಬೆಳಕು ಕೊಡುತ್ತದೆ ಎಂಬುದು ಇದರಿಂದ ಸ್ಪಷ್ಟ. ಆದುದರಿಂದ ಬೀಳನ್ನು ಎಂದೆಂದಿಗೂ ಮುಚ್ಚಿಡಬೇಕೆಂದು ನಾವು ಹೇಳುವುದಿಲ್ಲ.

ಆದರೆ ಕತ್ತರಿ ಎಲ್ಲ ಗಿಡಗಳ ಮೇಲೂ ಸಮನಾಗಿ ಬೀಳುತ್ತದೆ. ದನದ ಬಾಯಿ ರುಚಿ ನೋಡಿ ಆರಿಸುತ್ತದೆ. ಸಿಹಿಯಾದ, ಮೆದುವಾದ ಹುಲ್ಲು ಮೊದಲು ಹೋಗುತ್ತದೆ. ಚಿಗುರಿದಾಗ ಮತ್ತೆ ಅದನ್ನೇ ಕಚ್ಚುತ್ತದೆ. ಘಾಟು ವಾಸನೆಯ ಕಾಚಿ ಹುಲ್ಲು, ಪೊರಕೆಗಲ್ಲದೆ ಬೇರೆ ಕೆಲಸಕ್ಕೆ ಬಾರದ ಗಡುಸು ಹಂಚಿ ಹುಲ್ಲು, ಮುಳ್ಳಿನ ಗಿಡ, ಕಹಿ ಗಿಡ ಇವೆಲ್ಲ ಬಾಯಿಗೆ ಸಿಕ್ಕದೆ ಉಳಿದುಕೊಳ್ಳುತ್ತವೆ. ಒಳ್ಳೆಯ ಹುಲ್ಲು ತನ್ನ ಒಳ್ಳೆಯತನದಿಂದಲೇ ಸೋಲುತ್ತದೆ.

ಎಲೆ ಹೋದರೆ ಬೇರಿಗೇನು ನಷ್ಟ? ಎಲೆ ಗಿಡದ ಅಡಿಗೆಮನೆ. ಅಲ್ಲಿ ಬೆಂದ ಅನ್ನವನ್ನೇ ಬೇರು ಉಣ್ಣುವುದು. 1955ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಕ್ರೈಡರ್ ಎಂಬವರು ಇದರ ಲೆಕ್ಕ ಪ್ರಕಟಿಸಿದರು. ಹುಲ್ಲಿನ ಎಲೆಯಲ್ಲಿ ನೂರಕ್ಕೆ ನಲವತ್ತು ಪಾಲು ಕತ್ತರಿಸಿದರೆ ಬೇರಿನ ಬೆಳವಣಿಗೆ ನಿಲ್ಲಲಿಲ್ಲ. ಅರ್ಧಕ್ಕಿಂತ ಮೀರಿದಂತೆ ಹೆಚ್ಚು ಹೆಚ್ಚು ಬೇರುಗಳು ನಿಂತುವು. ನೂರಕ್ಕೆ 80 ಪಾಲು ಒಮ್ಮೆ ಕತ್ತರಿಸಿದಾಗ ಎಲ್ಲ ಬೇರೂ 12 ದಿನ, 90 ಪಾಲು ಕತ್ತರಿಸಿದಾಗ 17 ದಿನ ಬೆಳೆಯದೆ ನಿಂತುಬಿಟ್ಟುವು. ನಮ್ಮ ಬೀಳಿನಲ್ಲಿ ಹನ್ನೆರಡು ದಿನ ಕಳೆಯುವ ಮುನ್ನವೇ ಇನ್ನೊಂದು ಹಿಂಡು ಬಂದು ಅದೇ ಗುಪ್ಪೆಯನ್ನು ಮತ್ತೆ ಬೋಳಿಸುತ್ತದೆ. ಬೇರು ಗಿಡ್ಡವಾಗುತ್ತ ಬರುತ್ತದೆ. ಮಳೆ ಇಪ್ಪತ್ತು ದಿನ ಹಿಂದೆಗೆದಾಗ ಆ ಗುಪ್ಪೆ ಸಾಯುತ್ತದೆ. ಬರದಿಂದ ಸತ್ತಿತೆಂದು ನಾವು ಮಳೆಯನ್ನು ದೂರುತ್ತೇವೆ. ಅದರ ಹಗ್ಗವನ್ನು ಮೊದಲೇ ಮೊಟಕು ಮಾಡಿದವರು ನಾವೇ.

ಹೀಗೆ ಬೀಳು ಹಂತ ಹಂತವಾಗಿ ಇಳಿಯುತ್ತದೆ. ದಖ್ಖಣದ ಹುಲ್ಲುಗಾವಲುಗಳನ್ನು ಪರಿಶೀಲಿಸಿದ ವಿಜ್ಞಾನಿಗಳು ಈ ಮೆಟ್ಟಿಲುಗಳನ್ನು ಗುರುತಿಸಿದ್ದಾರೆ. ಮೇಲಿನ ಮೆಟ್ಟಿಲಲ್ಲಿ ಎತ್ತರದ, ಸಿಹಿಯಾದ ಗುಪ್ಪೆ ಹುಲ್ಲುಗಳು. ಅವು ಸೋತ ಮೇಲೆ ಸೂಜಿ ಬೀಜದ ಹುಲ್ಲು. ಕಾರ್ತಿಕದ ಹೊತ್ತಿಗೆ ಪಂಚೆಗೂ ಕುರಿಯ ಉಣ್ಣೆಗೂ ಚುಚ್ಚಿಕೊಳ್ಳುವ ಕಪ್ಪು ಬಾಲದ ಬೀಜಗಳದು ಇದೇ ಹುಲ್ಲು. ಇದರ ಬೀಜದ ಬಾಲ ತೇವಕ್ಕೆ ಬಿಚ್ಚಿಕೊಂಡು ಒಣಗಿದಾಗ ತಿರುಚಿಕೊಂಡು ಬೀಜವನ್ನು ತಿರುಪಿನಂತೆ ಮಣ್ಣಿಗೆ ಇಳಿಸುತ್ತದೆ. ಬೀಜ ಹೀಗೆ ಮಣ್ಣೊಳಗೆ ಅಡಗುವುದರಿಂದ ಬೇಸಿಗೆಯ ಬೆಂಕಿಗೂ ಸುಡುವುದಿಲ್ಲ. ಹೊಸ ಚಿಗುರು ಬರಲೆಂದು ಬೀಳಿಗೆ ಬೆಂಕಿ ಇಡುವವರು ಸೂಜಿ ಹುಲ್ಲಿಗೇ ಸಹಾಯ ಮಾಡುತ್ತಾರೆ ಎಂಬುದನ್ನು ಮರೆಯಬಾರದು. ಅದೂ ಸೋತ ಮೇಲೆ ಹಂಚಿ ಹುಲ್ಲು ಮತ್ತು ಒಂದು ಮಳೆಯ ಸಣ್ಣ ಹುಲ್ಲು. ಕೊನೆಯ ಮೆಟ್ಟಿಲು ಗರಸು ನೆಲ, ಮುಳ್ಳು, ಕಳೆ.

ಬೇಲಿಯೇ ಎದ್ದು ಬೀಳು ಮೇಯ್ದದ್ದು

ಖಾಲಿಯಾದ ನೆಲಕ್ಕೆ ಹೊರಗಿನಿಂದ ಬಂದವರಲ್ಲಿ ಮೊದಲನೆಯದು ಬಳ್ಳಾರಿ ಜಾಲಿ. ನಮ್ಮ ನೆರೆಯ ತೆಲುಗರು ಇದನ್ನು ಸರ್ಕಾರು ತುಮ್ಮ ಎನ್ನುತ್ತಾರೆ, ಆ ಹೆಸರಿನಲ್ಲಿಯೇ ಅದರ ಚರಿತ್ರೆಯಿದೆ. ಮೂಲತಃ ಅಮೆರಿಕ ಖಂಡದ ಈ ಮರದ ಬೀಜವನ್ನು ಸೌದೆಯ ಅನುಕೂಲಕ್ಕಾಗಿ ಮದರಾಸು ಸರ್ಕಾರದವರು ಜಮೈಕಾ ದ್ವೀಪದಿಂದ ತರಿಸಿದರು. 1877ರಲ್ಲಿ ನಮ್ಮ ನೆರೆಯ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಅದನ್ನು ನೆಡಲಾಯಿತು. ಮುಂದೆ ಸೌದೆಗೂ ಬೇಲಿಗೂ ಊರೂರಿಗೆ ಹಬ್ಬಿತು. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗಿದೆ.

ಇದು ಗೆಲ್ಲುವ ಬಗೆಯನ್ನು ನೋಡಿರಿ. ಬೇರು ಬಹಳ ಆಳ. ಅಮೆರಿಕದ ಅರಿಜೋನಾದ ಗಣಿಯೊಂದರಲ್ಲಿ ಈ ಕುಲದ ಮರದ ಬೇರು 50 ಮೀಟರಿಗೂ ಮಿಕ್ಕ ಆಳದಲ್ಲಿ ಕಂಡುಬಂದಿತು. ಎಲೆಯನ್ನು ದನ ಮುಟ್ಟುವುದಿಲ್ಲ, ಆದರೆ ಕಾಯಿ ಸಿಹಿಯಾದುದರಿಂದ ಆಸೆಯಿಂದ ತಿನ್ನುತ್ತದೆ. ಗಟ್ಟಿ ಬೀಜ ಹೊಟ್ಟೆಯಲ್ಲಿ ಸಾಯದೆ ಸಗಣಿಯ ಗೊಬ್ಬರದೊಡನೆ ಹೊಸ ಜಾಗಕ್ಕೆ ಬೀಳುತ್ತದೆ. ನಮ್ಮ ದನವೇ ಅದಕ್ಕೆ ಬಿತ್ತನೆಯ ಕೂರಿಗೆ. ಕಡಿದರೆ ಬುಡದಿಂದ ಹತ್ತು ಕವಲು ಒಡೆಯುತ್ತದೆ. ಗುಜರಾತಿನ ಕಚ್ಛದಲ್ಲಿರುವ ಬನ್ನಿ ಎಂಬ ದೊಡ್ಡ ಹುಲ್ಲುಗಾವಲಿನಲ್ಲಿ ಉಪ್ಪು ನೆಲ ಮುಂದುವರಿಯದಂತೆ ತಡೆಯಲೆಂದು 1961ರ ಸುಮಾರಿಗೆ ಇದನ್ನು ನೆಟ್ಟರು. ಮರ ಹಬ್ಬಿತು, ಹುಲ್ಲು ಕುಗ್ಗಿತು, ಎಮ್ಮೆ ದನಗಳನ್ನು ನಂಬಿದ ಅಲ್ಲಿನ ಮಾಲ್ದಾರಿಗಳಿಗೆ ಮೇವಿನ ಕಷ್ಟ ಬಂದಿತು. ಇದ್ದಿಲು, ಸೌದೆಗಳಿಂದ ನಾಲ್ಕು ಕಾಸು ಕಂಡ ಬಡವರು ನಮ್ಮಲ್ಲಿಯೂ ಇದ್ದಾರೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸೌದೆಗೆ ಬೇಕಾದಷ್ಟು ಮರ ಬೇರೆ, ಬೀಳನ್ನೆಲ್ಲ ನುಂಗುವ ಕಾಡು ಬೇರೆ.

ಎರಡನೆಯದು ಪಾರ್ಥೇನಿಯಂ. ಕಾಂಗ್ರೆಸ್ ಗಿಡವೆಂದು ನಾವೂ, ವಯ್ಯಾರಿ ಭಾಮ ಎಂದು ತೆಲುಗರೂ ಕರೆಯುವ ಇದು ನಮ್ಮ ದೇಶದಲ್ಲಿ 1955ರಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದಿತು. ಒಂದೊಂದು ಗಿಡಕ್ಕೆ ಸಾವಿರಾರು ಬೀಜ. ಗಾಳಿ, ನೀರು, ಗಾಡಿಯ ಚಕ್ರ, ಗೊಬ್ಬರ ಎಲ್ಲದರ ಜೊತೆಗೂ ಪ್ರಯಾಣ. ಇದರ ಎಲೆ ಬೇರುಗಳಿಂದ ಮಣ್ಣಿಗಿಳಿಯುವ ವಿಷ ಪಕ್ಕದ ಗಿಡಗಳ ಮೊಳಕೆಯನ್ನು ಕುಂಠಿತಗೊಳಿಸುತ್ತದೆ. ಮನುಷ್ಯರಿಗೆ ಚರ್ಮದ ತುರಿಕೆ, ದಮ್ಮು. ಇದನ್ನು ತಿನ್ನುವ ಒಂದು ಬಗೆಯ ಸಣ್ಣ ಜೀರುಂಡೆಯನ್ನು ಮೆಕ್ಸಿಕೋ ದೇಶದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಎಲೆಗಳನ್ನು ಜಾಲರಿಯಂತೆ ತಿಂದಿರುವ ಗಿಡ ಕಂಡರೆ ಅದು ಈ ಹುಳುವಿನ ಕೆಲಸ, ಅದನ್ನು ಕೊಲ್ಲಬೇಡಿರಿ. ಪಾರ್ಥೇನಿಯಂ ಬಲವಾಗಿರುವುದು ಕೆದರಿದ ನೆಲದಲ್ಲಿ, ರಸ್ತೆಯ ಪಕ್ಕದಲ್ಲಿ, ಬೋಳು ಬೀಳಿನಲ್ಲಿ. ದಟ್ಟವಾದ ಗುಪ್ಪೆ ಹುಲ್ಲಿನ ನಡುವೆ ಅದಕ್ಕೆ ಕಾಲೂರುವುದು ಕಷ್ಟ. ಕಿತ್ತು ಹಾಕಿದ ಜಾಗದಲ್ಲಿ ಹುಲ್ಲನ್ನು ಕೂರಿಸದಿದ್ದರೆ ಮುಂದಿನ ಮಳೆಗೆ ಅದೇ ಮತ್ತೆ ಬರುತ್ತದೆ.

ಎಲ್ಲವೂ ಕಲಹವಲ್ಲ

ಗಿಡಗಳ ಬಾಳು ಬರಿಯ ಜಗಳವೆಂದು ತಿಳಿಯಬೇಕಾಗಿಲ್ಲ. ಬೋಳು ಬೀಳಿನಲ್ಲಿ ಹಳೆಯ ಕಾರೆ ಪೊದೆಯ ಮುಳ್ಳನ್ನು ಸರಿಸಿ ಒಳಗೆ ನೋಡಿರಿ. ಹೊರಗೆಲ್ಲೂ ಇಲ್ಲದ ಎತ್ತರದ ಸಿಹಿ ಹುಲ್ಲು ಒಂದೆರಡು ಗುಪ್ಪೆ ಅಲ್ಲಿ ತೆನೆ ಬಿಟ್ಟು ನಿಂತಿರುವುದುಂಟು. ಕುರಿಯ ಬಾಯಿ ಎಟುಕದ ಆ ಮುಳ್ಳಿನ ಕೋಟೆಯಲ್ಲಿ ಹುಲ್ಲಿನ ಬೀಜ ಉಳಿದಿರುತ್ತದೆ. ನಿಮ್ಮ ಬೀಳಿನಲ್ಲಿ ಹಿಂದೆ ಏನು ಬೆಳೆಯುತ್ತಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಬೇರೊಂದಿಲ್ಲ. ಅಂತೆಯೇ ದ್ವಿದಳ ಜಾತಿಯ ಗಿಡಗಳು ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ನೆರೆಯ ಹುಲ್ಲಿಗೂ ಸತ್ವ ಒದಗಿಸುತ್ತವೆ.

ಹಲವು ಜಾತಿ ಕೂಡಿರುವ ಬೀಳು ಬರಗಾಲಕ್ಕೂ ಗಟ್ಟಿ. ಮಿನ್ನೆಸೋಟದಲ್ಲಿ 1988ರಲ್ಲಿ ಭಾರಿ ಬರ ಬಂದಾಗ, ಕೆಲವೇ ಜಾತಿಗಳಿದ್ದ ಪಾತಿಗಳಿಗಿಂತ ಹಲವು ಜಾತಿಗಳಿದ್ದ ಪಾತಿಗಳು ಕಡಿಮೆ ನಷ್ಟ ಅನುಭವಿಸಿ ಬೇಗ ಚೇತರಿಸಿಕೊಂಡುವು. ಒಂದು ಸೋತಾಗ ಇನ್ನೊಂದು ನಿಲ್ಲುತ್ತದೆ. ಮೂರು ವರ್ಷಕ್ಕೊಮ್ಮೆ ಮಳೆ ಕೈಕೊಡುವ ನಮ್ಮ ಸೀಮೆಗೆ ಈ ಪಾಠ ಬಹಳ ಮುಖ್ಯ.

ಕಾವಲುಗಳ ಹಳೆಯ ಕ್ರಮ

ಹುಲ್ಲನ್ನು ಕಾಯುವ ವಿದ್ಯೆ ನಮ್ಮ ಜನಕ್ಕೆ ಹೊಸದೇನಲ್ಲ. ಮೈಸೂರು ಅರಸರ ಕಾಲದಿಂದ ನಡೆದು ಬಂದ ಅಮೃತಮಹಲ್ ದನಗಳಿಗಾಗಿ ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಕಾವಲುಗಳನ್ನು ಮೀಸಲಿಟ್ಟಿದ್ದರು. ಆ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರಾಗಿ ವಿಂಗಡಿಸಿ, ಕಾಲಕ್ಕೆ ತಕ್ಕಂತೆ ಹಿಂಡನ್ನು ಒಂದರಿಂದ ಒಂದಕ್ಕೆ ಸಾಗಿಸುತ್ತಿದ್ದರು. ಒಂದು ಕಾವಲಿನಲ್ಲಿ ದನವಿದ್ದಾಗ ಮಿಕ್ಕವಕ್ಕೆ ವಿಶ್ರಾಂತಿ. ಕ್ರೈಡರ್ ಲೆಕ್ಕ ಹಾಕಿದ್ದಕ್ಕಿಂತ ಬಹಳ ಹಿಂದೆಯೇ ಬೇರಿಗೆ ಬಿಡುವು ಕೊಡುವ ಕ್ರಮ ಆಚರಣೆಯಲ್ಲಿತ್ತು.

ಹಿಂದೂಪುರದವರಿಗೆ ನೋಡಲು ಹತ್ತಿರದ ಉದಾಹರಣೆಯೂ ಇದೆ. ಗಡಿಗೆ ತಾಗಿದ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಸುಮಾರು 798 ಎಕರೆಯ ಹುಲ್ಲಿನ ಮೈದಾನವನ್ನು ಕೃಷ್ಣಮೃಗಗಳಿಗಾಗಿ ಕಾಪಾಡಿದ್ದಾರೆ. 2007ರಲ್ಲಿ ಅದಕ್ಕೆ ಜಯಮಂಗಲಿ ಸಂರಕ್ಷಿತ ಪ್ರದೇಶವೆಂದು ಹೆಸರಾಯಿತು. ಅದೇ ಜಯಮಂಗಲಿ ನದಿ ಹಿಂದೂಪುರದ ಸೀಮೆಗೆ ಬಂದು ಪಿನಾಕಿನಿಯನ್ನು ಸೇರುತ್ತದೆ. ಮಣ್ಣು ಅದೇ, ಮಳೆ ಅದೇ. ಕಾಯ್ದ ನೆಲಕ್ಕೂ ಕಾಯದ ನೆಲಕ್ಕೂ ಇರುವ ಅಂತರವನ್ನು ಒಂದು ದಿನದ ಪ್ರಯಾಣದಲ್ಲಿ ಕಣ್ಣಾರೆ ನೋಡಬಹುದು.

ನಾವೇನು ಮಾಡಬಹುದು?

ಮೊದಲು ಪರೀಕ್ಷೆ. ಬೀಳಿನ ಮೂರು ಕಡೆ ಹತ್ತಡಿ ಚೌಕದ ಜಾಗಕ್ಕೆ ಒಣ ಮುಳ್ಳಿನ ಬೇಲಿ ಹಾಕಿ ಎರಡು ಮಳೆಗಾಲ ದನ ಹೋಗದಂತೆ ನೋಡಿಕೊಳ್ಳಿರಿ. ಒಳಗೆ ಗುಪ್ಪೆ ಹುಲ್ಲು ತಾನಾಗಿ ಎದ್ದರೆ ನಿಮ್ಮ ಬೀಳಿನಲ್ಲಿ ಬೇರೂ ಬೀಜವೂ ಇನ್ನೂ ಇವೆ. ಬಿಡುವು ಕೊಟ್ಟರೆ ಸಾಕು. ಏನೂ ಏಳದಿದ್ದರೆ ಬೀಜ ಹಾಕಬೇಕು.

ಎರಡನೆಯದು ಸರದಿ. ಬೀಳನ್ನು ಮೂರು ಭಾಗ ಮಾಡಿ, ವರ್ಷಕ್ಕೊಂದು ಭಾಗವನ್ನು ಮುಂಗಾರಿನ ಮೊದಲ ಮಳೆಯಿಂದ ಹುಲ್ಲಿನ ಬೀಜ ಉದುರುವ ತನಕ ಮುಚ್ಚಬೇಕು. ಬೀಜ ಉದುರಿದ ಮೇಲೆ ಹುಲ್ಲನ್ನು ಕೊಯ್ದು ಹಂಚಿಕೊಳ್ಳಬಹುದು, ದನವನ್ನೂ ಬಿಡಬಹುದು. ತೆರೆದ ಭಾಗಗಳಲ್ಲಿಯೂ ಅರ್ಧ ದನಕ್ಕೆ, ಅರ್ಧ ಬೇರಿಗೆ ಎಂಬ ನಿಯಮವಿರಲಿ. ಸೂಜಿ ಹುಲ್ಲು ಹೆಚ್ಚಿರುವ ಭಾಗವನ್ನು ಹೂ ಬಿಡುವ ಮುನ್ನ ಮೇಯಿಸಬೇಕು. ಆಗ ಅದು ಒಳ್ಳೆಯ ಮೇವು. ಸೂಜಿ ಬಂದ ಮೇಲೆ ಕುರಿಯ ಬಾಯಿಗೂ ಚರ್ಮಕ್ಕೂ ಗಾಯ.

ಮೂರನೆಯದು ಬಳ್ಳಾರಿ ಜಾಲಿಯ ಹತೋಟಿ. ದೊಡ್ಡ ಮರವನ್ನು ಕಡಿದರೆ ಸಾಲದು, ಬುಡವನ್ನು ಒಂದಡಿ ಆಳದವರೆಗೆ ಅಗೆದು ತೆಗೆಯಬೇಕು. ಸಣ್ಣ ಸಸಿಗಳನ್ನು ಮಳೆಯ ಮರುದಿನ ನೆಲ ಮೆದುವಾಗಿರುವಾಗ ಬೇರುಸಹಿತ ಕೀಳಬೇಕು. ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಇದು ಒಂದು ವರ್ಷದ ಕೆಲಸವಲ್ಲ. ಕಾಯಿಯನ್ನು ಆರಿಸಿ ಒಣಗಿಸಿ, ಬೀಜ ಪುಡಿಯಾಗುವಂತೆ ಬೀಸಿ ದನಕ್ಕೆ ಹಿಟ್ಟಾಗಿ ಕೊಟ್ಟರೆ ಮೇವೂ ಆಯಿತು, ಬಿತ್ತನೆಯೂ ನಿಂತಿತು. ಹೊಸದಾಗಿ ಶುದ್ಧವಾದ ಭಾಗಕ್ಕೆ, ಜಾಲಿಕಾಯಿ ತಿಂದ ದನವನ್ನು ನೇರವಾಗಿ ಹೊಡೆಯಬಾರದು.

ನಾಲ್ಕನೆಯದು ಬೀಜ. ಅಂಜನ್ ಹುಲ್ಲು ನಮ್ಮ ಒಣ ಸೀಮೆಗೆ ಒಗ್ಗಿದ, ದನ ಇಷ್ಟಪಡುವ ಗುಪ್ಪೆ ಹುಲ್ಲು. ಹಗುರವಾದ ಬೀಜವಾದುದರಿಂದ ಹಸಿ ಮಣ್ಣಿನೊಡನೆ ಬೆರೆಸಿ, ಎಕರೆಗೆ ಸುಮಾರು ಎರಡು ಕಿಲೋ ಮೇರೆಗೆ ಮೇಲು ಮೇಲೆ ಬಿತ್ತಬೇಕು, ಆಳಕ್ಕೆ ಹೋದರೆ ಮೊಳೆಯದು. ಅದರ ಜೊತೆಗೆ ಸ್ಟೈಲೋ ಎಂಬ ದ್ವಿದಳ ಮೇವು ಸೇರಿದರೆ ಒಳ್ಳೆಯದು. ಅನಂತಪುರ ಜಿಲ್ಲೆಯ ರೈತರು ಇದರ ಬೀಜವನ್ನೇ ಬೆಳೆದು ಮಾರಿದವರು. ಸ್ಟೈಲೋ ಬೀಜದ ಸಿಪ್ಪೆ ಗಡುಸು. ಕುದಿಯುವುದಕ್ಕೆ ಮುಂಚಿನ ಬಿಸಿನೀರಿನಲ್ಲಿ, ಎಂದರೆ 80 ಡಿಗ್ರಿ ಶಾಖದಲ್ಲಿ, ಮೂರು ನಾಲ್ಕು ನಿಮಿಷ ಅದ್ದಿ, ತೆಗೆದು ತಣ್ಣೀರಿನಲ್ಲಿ ರಾತ್ರಿ ನೆನೆಸಿ ಬಿತ್ತಬೇಕು. ಬಿತ್ತಿದ ಭಾಗಕ್ಕೆ ಮೊದಲ ವರ್ಷ ದನ ಬಿಡಲೇಬಾರದು. ಬೇರು ಹಿಡಿಯದ ಹುಲ್ಲನ್ನು ದನ ಬುಡಸಹಿತ ಕಿತ್ತುಬಿಡುತ್ತದೆ. ಬೀಜಕ್ಕೂ ಸಲಹೆಗೂ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನೂ ಪಶುವೈದ್ಯರನ್ನೂ ವಿಚಾರಿಸಬಹುದು.

ಐದನೆಯದು ಒಗ್ಗಟ್ಟು. ಇದೇ ಎಲ್ಲಕ್ಕಿಂತ ಕಷ್ಟ. ಒಬ್ಬರ ಹೊಲಕ್ಕೆ ಒಬ್ಬರು ಬೇಲಿ ಹಾಕಬಹುದು, ಊರ ಬೀಳಿಗೆ ಊರೇ ಬೇಲಿ. ಮುಚ್ಚಿದ ಭಾಗಕ್ಕೆ ಒಬ್ಬರು ಕುರಿ ನುಗ್ಗಿಸಿದರೆ ಮರುದಿನ ಎಲ್ಲರೂ ನುಗ್ಗಿಸುತ್ತಾರೆ. ಹೊಲವಿಲ್ಲದೆ ಬೀಳನ್ನೇ ನಂಬಿದ ಕುರಿಗಾರರ ಮಾತನ್ನು ಮೊದಲು ಕೇಳಬೇಕು. ಯಾವ ಭಾಗ ಮುಚ್ಚಬೇಕು, ಎಷ್ಟು ದಿನ, ಕೊಯ್ದ ಹುಲ್ಲಿನಲ್ಲಿ ಅವರಿಗೆಷ್ಟು ಪಾಲು ಎಂಬುದನ್ನು ಅವರೊಡನೆ ಕೂತು ನಿರ್ಧರಿಸಿ ಪಂಚಾಯ್ತಿಯಲ್ಲಿ ಬರೆಸಬೇಕು. ಅವರನ್ನು ಹೊರಗಿಟ್ಟು ಮಾಡಿದ ಕಟ್ಟು ಒಂದು ತಿಂಗಳೂ ನಿಲ್ಲದು. ಜಾಲಿ ತೆಗೆಯುವ ಕೆಲಸವನ್ನು ಪಂಚಾಯ್ತಿಯ ಕೂಲಿ ಕೆಲಸಗಳಲ್ಲಿ ಸೇರಿಸುವಂತೆ ಗ್ರಾಮಸಭೆಯಲ್ಲಿ ಕೇಳಿಕೊಳ್ಳಬಹುದು. ಅರ್ಜಿ ತೆಲುಗಿನಲ್ಲಿ ಬರೆಯಬೇಕಾಗಿ ಬಂದರೆ ಶಾಲೆಯ ಮಕ್ಕಳ ಸಹಾಯ ಪಡೆಯಲು ಸಂಕೋಚ ಬೇಡ.

ಜಿಲ್ಲೆಗಳು ಬದಲಾದುವು, 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಎರಡೂ ಕಡೆ ಬೀಳಿನ ಸ್ಥಿತಿ ಒಂದೇ, ಉಪಾಯವೂ ಒಂದೇ. ಈ ಮುಂಗಾರಿಗೆ ಊರಿಗೆ ಒಂದು ಎಕರೆಯನ್ನಾದರೂ ಮುಚ್ಚಿ ನೋಡಿರಿ. ದೀಪಾವಳಿಯ ಹೊತ್ತಿಗೆ ಅಲ್ಲಿ ಎಷ್ಟು ಹೊರೆ ಹುಲ್ಲು ಸಿಕ್ಕಿತು, ಯಾವ ಯಾವ ಜಾತಿ ಎದ್ದಿತು ಎಂಬುದನ್ನು ಬರೆದಿಟ್ಟುಕೊಳ್ಳಿರಿ. ಆ ಲೆಕ್ಕವನ್ನು ಗ್ರಾಮಸಭೆಯ ಮುಂದೆ ಇಟ್ಟರೆ ಎರಡನೆಯ ಎಕರೆಗೆ ಹೆಚ್ಚು ಮಾತು ಬೇಕಾಗುವುದಿಲ್ಲ.